ಮಾತ್ರೆ ಶುರು ಮಾಡಿದ ಮೇಲೆ ಮನಸ್ಸು ಕುಗ್ಗಿದೆ, ಇದು ಮಾತ್ರೆಯಿಂದಲೇನಾ?

ಇಬ್ಬನಿ

ಎಲ್ಲರಿಗೂ ನಮಸ್ಕಾರ. ನನಗೆ 29 ವರ್ಷ. ಗರ್ಭನಿರೋಧಕ ಮಾತ್ರೆ ಶುರು ಮಾಡಿ ಒಂಬತ್ತು ವಾರ ಆಯಿತು. ಈಸ್ಟ್ರೋಜನ್ ಮತ್ತು ಲೆವೊನಾರ್ಜೆಸ್ಟ್ರೆಲ್ ಅನ್ನುವ ಎರಡು ಹಾರ್ಮೋನ್ ಇರುವ ಮಾತ್ರೆ. 21 ದಿನ ನುಂಗಿ 7 ದಿನ ಬಿಡುವಂಥದ್ದು. ಮೊದಲ ತಿಂಗಳು ಸ್ವಲ್ಪ ವಾಕರಿಕೆ ಬಿಟ್ಟರೆ ಏನೂ ತೊಂದರೆ ಇರಲಿಲ್ಲ. ಐದನೇ ವಾರದಿಂದ ಮನಸ್ಸು ಮಂಕಾಗಿದೆ. ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತದೆ, ಎದೆ ಢವಢವ ಅನ್ನುತ್ತದೆ. ಕಾರಣ ಹುಡುಕಿದರೆ ಏನೂ ಸಿಗುವುದಿಲ್ಲ.

ಮೊದಲೂ ಮುಟ್ಟಿಗೆ ನಾಲ್ಕೈದು ದಿನ ಇರುವಾಗ ಸಿಡುಕು ಬರುತ್ತಿತ್ತು. ಚಿಕ್ಕ ಮಾತಿಗೂ ಕಣ್ಣು ತುಂಬುತ್ತಿತ್ತು. ಆದರೆ ಅದು ಬಂದು ಹೋಗುತ್ತಿತ್ತು. ಮುಟ್ಟಾದ ಎರಡನೇ ದಿನಕ್ಕೆಲ್ಲ ಸರಿಯಾಗಿರುತ್ತಿದ್ದೆ. ಇದು ಹಾಗಲ್ಲ, ಹೋಗುತ್ತಲೇ ಇಲ್ಲ.

ಮೊನ್ನೆ ಕೆಲಸಕ್ಕೆ ಹೊರಡುವಾಗ ಬೀರು ತೆಗೆದು ನಿಂತೆ. ನೀಲಿ ಅಂಗಿ ಹಾಕಲಾ, ಬಿಳಿಯದು ಹಾಕಲಾ ಅಂತ ತೀರ್ಮಾನ ಮಾಡಲು ಆಗಲಿಲ್ಲ. ಒಂದೊಂದು ಕೈಯಲ್ಲಿ ಒಂದೊಂದು ಹ್ಯಾಂಗರ್ ಹಿಡಿದುಕೊಂಡೇ ನೆಲದ ಮೇಲೆ ಕುಳಿತು ಅತ್ತೆ. ಎದ್ದಾಗ ಇಪ್ಪತ್ತು ನಿಮಿಷ ಕಳೆದಿತ್ತು. ಹ್ಯಾಂಗರಿನ ಕೊಕ್ಕೆ ಒತ್ತಿ ಅಂಗೈಯಲ್ಲಿ ಗುರುತು ಬಿದ್ದಿತ್ತು.

ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಹೇಳಿದೆ. "ಮಾತ್ರೆಗೂ ಇದಕ್ಕೂ ಸಂಬಂಧ ಇಲ್ಲ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ" ಅಂದರು. ಇದು ನನ್ನ ಮನಸ್ಸಿನ ಸಮಸ್ಯೆಯೋ, ಮಾತ್ರೆಯದೋ? ಯಾರಿಗಾದರೂ ಹೀಗೆ ಆಗಿದೆಯಾ?

ಕಡಲಹಕ್ಕಿ

ಆಗಿದೆ. ನಿಮ್ಮ ಬೀರುವಿನ ಕಥೆ ಓದಿ ಮೈ ಜುಮ್ಮೆಂದಿತು. ನನಗೆ ಆರು ತಿಂಗಳು ಹೀಗೇ ಇತ್ತು. ನಾನೇ ಕೆಟ್ಟವಳಾಗಿಬಿಟ್ಟೆ ಅಂದುಕೊಂಡಿದ್ದೆ. ಬೇರೆ ಕಾರಣಕ್ಕೆ ಮಾತ್ರೆ ನಿಲ್ಲಿಸಿದೆ, ಮೂರು ವಾರದಲ್ಲಿ ಮೋಡ ಸರಿದ ಹಾಗಾಯಿತು. ನಿಮಗೆ ಹುಚ್ಚು ಹಿಡಿದಿಲ್ಲ. ಅದನ್ನಷ್ಟೇ ಹೇಳೋಣ ಅಂತ ಬರೆದೆ.

ಸಂಜೆಮಲ್ಲಿಗೆ

ನನ್ನದು ಉಲ್ಟಾ ಅನುಭವ. ಈ ಮಾತೂ ಇಲ್ಲಿ ಇರಬೇಕು ಅಂತ ಬರೆಯುತ್ತಿದ್ದೇನೆ.

ನನಗೆ ಪಿಎಂಡಿಡಿ ಇದೆ. ಅಂದರೆ ಪಿಎಂಎಸ್‌ನ, ಮುಟ್ಟಿಗೆ ಮುಂಚೆ ಬರುವ ಸಿಡುಕು-ಬೇಸರದ, ತೀವ್ರ ರೂಪ. ತಿಂಗಳಲ್ಲಿ ಹತ್ತು ದಿನ ನಾನು ಯಾರಿಗೂ ಬೇಡ, ಬದುಕೇ ಬೇಡ ಅನ್ನುವ ಯೋಚನೆ. ಮುಟ್ಟು ಶುರುವಾದ ಮಾರನೇ ದಿನ ಅದೆಲ್ಲ ಎಲ್ಲಿ ಹೋಯಿತು ಅನ್ನುವಷ್ಟು ಮಾಯ. ಹದಿನಾಲ್ಕು ವರ್ಷ ಹಾಗೇ ಕಳೆದೆ. ಒಂದು ಕೆಲಸ ಬಿಟ್ಟೆ, ಒಂದು ಸ್ನೇಹ ಕಳೆದುಕೊಂಡೆ. ಎರಡೂ ಆ ಹತ್ತು ದಿನಗಳಲ್ಲೇ.

ಕೊನೆಗೆ ಒಬ್ಬ ಡಾಕ್ಟರು ಡ್ರೊಸ್ಪೈರಿನೋನ್ ಅನ್ನುವ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆ ಕೊಟ್ಟರು. 24 ದಿನ ಹಾರ್ಮೋನ್, 4 ದಿನ ಖಾಲಿ ಮಾತ್ರೆ. ಈ ಮಾತ್ರೆಯನ್ನು ಪಿಎಂಡಿಡಿಗೂ ಕೊಡಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲೇ ಒಪ್ಪಿಗೆ ಕೊಟ್ಟಿದೆ. ಎರಡನೇ ತಿಂಗಳಿಂದ ನನಗೆ ಆ ಹತ್ತು ದಿನ ಬರಲಿಲ್ಲ. ಪೂರ್ತಿ ಹೋಗಿದೆ ಅಂತಲ್ಲ, ಈಗಲೂ ಒಂದೆರಡು ದಿನ ಭಾರ ಇರುತ್ತದೆ. ಆದರೆ ಸಾಯಬೇಕು ಅನ್ನಿಸುವುದಿಲ್ಲ. ದಯವಿಟ್ಟು ಯಾರೂ "ಮಾತ್ರೆ ಅಂದರೇನೇ ಕೆಟ್ಟದ್ದು" ಅಂತ ಬರೆಯಬೇಡಿ. ನನ್ನಂಥವಳೊಬ್ಬಳು ಓದಿ ಹೆದರಿ ಬಿಟ್ಟುಬಿಟ್ಟರೆ ಕಷ್ಟ.

ಹಸಿರುಗಾಜು

ಕ್ಷಮಿಸಿ, ನಾನು ಅದನ್ನೇ ಬರೆಯಲು ಹೊರಟಿದ್ದೆ. ನನ್ನ ತಂಗಿ ಮಾತ್ರೆಯಿಂದ ಎಷ್ಟು ಕಷ್ಟಪಟ್ಟಳು ಅಂತ ಹತ್ತಿರದಿಂದ ನೋಡಿದ್ದೇನೆ. ಆದರೆ ಒಂದೇ ಮಾತ್ರೆ ಒಬ್ಬರನ್ನು ಮುಳುಗಿಸುವುದು, ಇನ್ನೊಬ್ಬರನ್ನು ಎತ್ತುವುದು ಹೇಗೆ ಸಾಧ್ಯ? ಯಾರೋ ಒಬ್ಬರು ತಪ್ಪು ತಿಳಿದುಕೊಂಡಿರಬೇಕು ಅಲ್ವಾ?

ಬಿಳಿಕೊಡೆ

ಯಾರೂ ತಪ್ಪು ತಿಳಿದುಕೊಂಡಿಲ್ಲ. ನಾನು ಸ್ತ್ರೀರೋಗ ವಿಭಾಗದಲ್ಲಿ ಹದಿನೇಳು ವರ್ಷದಿಂದ ನರ್ಸ್. ಈ ಎರಡೂ ಥರದವರು ಒಂದೇ ದಿನ, ಒಂದೇ ಬೆಂಚಿನಲ್ಲಿ ಅಕ್ಕಪಕ್ಕ ಕುಳಿತದ್ದನ್ನು ನೋಡಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಅಂಡ ಬಿಡುಗಡೆಯಾದ ಮೇಲೆ ನಮ್ಮ ಅಂಡಾಶಯ ಪ್ರೊಜೆಸ್ಟರಾನ್ ತಯಾರಿಸುತ್ತದೆ. ಅದು ಒಡೆದು ಅಲೋಪ್ರೆಗ್ನನೊಲೋನ್ ಅನ್ನುವ ಇನ್ನೊಂದು ವಸ್ತು ಆಗುತ್ತದೆ. ಇದು ಮೆದುಳಿನಲ್ಲಿ ಗಾಬಾ ಅನ್ನುವ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತದೆ. ಗಾಬಾ ಅಂದರೆ ಮೆದುಳಿನ ಬ್ರೇಕ್ ಅಂದುಕೊಳ್ಳಿ. ಹೆಚ್ಚಿನವರಿಗೆ ಇದರಿಂದ ಮನಸ್ಸು ಶಾಂತ ಆಗುತ್ತದೆ. ಕೆಲವರಿಗೆ ಇದೇ ವಸ್ತು ಚಡಪಡಿಕೆ, ಸಿಡುಕು ತರುತ್ತದೆ.

1998ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು ಒಂದು ಮುಖ್ಯವಾದ ಅಧ್ಯಯನ ಪ್ರಕಟಿಸಿದರು. ತೀವ್ರ ಪಿಎಂಎಸ್ ಇದ್ದವರಿಗೆ ಔಷಧ ಕೊಟ್ಟು ಅಂಡಾಶಯದ ಹಾರ್ಮೋನ್ ನಿಲ್ಲಿಸಿದರು. ಹಲವರಿಗೆ ತೊಂದರೆ ಹೋಯಿತು. ಆಮೇಲೆ ಈಸ್ಟ್ರೋಜನ್ ಅಥವಾ ಪ್ರೊಜೆಸ್ಟರಾನ್ ವಾಪಸ್ ಕೊಟ್ಟರು. ತೊಂದರೆ ಮರಳಿ ಬಂತು. ಪಿಎಂಎಸ್ ಇಲ್ಲದ ಹೆಂಗಸರಿಗೂ ಅದೇ ಹಾರ್ಮೋನ್ ಕೊಟ್ಟರು, ಅವರಿಗೆ ಏನೂ ಆಗಲಿಲ್ಲ. ಅಂದರೆ ಹಾರ್ಮೋನ್ ಜಾಸ್ತಿ ಇದೆ, ಕಡಿಮೆ ಇದೆ ಅನ್ನುವುದಲ್ಲ ವಿಷಯ. ಅದೇ ಹಾರ್ಮೋನನ್ನು ನಿಮ್ಮ ಮೆದುಳು ಹೇಗೆ ತೆಗೆದುಕೊಳ್ಳುತ್ತದೆ ಅನ್ನುವುದು. ಅದಕ್ಕೇ ಎಷ್ಟೋ ಜನರ ರಕ್ತಪರೀಕ್ಷೆಯಲ್ಲಿ ಎಲ್ಲ ನಾರ್ಮಲ್ ಬರುತ್ತದೆ. ರಿಪೋರ್ಟ್ ನಾರ್ಮಲ್ ಅಂದ ಮಾತ್ರಕ್ಕೆ ನಿಮ್ಮ ಸಂಕಟ ಸುಳ್ಳಲ್ಲ.

ಈಗ ಮಾತ್ರೆಗೆ ಬರೋಣ. ಅದು ಒಟ್ಟಿಗೆ ಎರಡು ಕೆಲಸ ಮಾಡುತ್ತದೆ. ಅಂಡ ಬಿಡುಗಡೆ ನಿಲ್ಲಿಸುತ್ತದೆ, ಆದ್ದರಿಂದ ತಿಂಗಳ ಏರಿಳಿತ ನಿಲ್ಲುತ್ತದೆ. ಜೊತೆಗೆ ಪ್ರತಿದಿನ ಪ್ರೊಜೆಸ್ಟಿನ್ ಅನ್ನುವ ಕೃತಕ ಹಾರ್ಮೋನ್ ಕೊಡುತ್ತದೆ. ಏರಿಳಿತವೇ ಕಷ್ಟ ಕೊಡುತ್ತಿದ್ದವರಿಗೆ ಮೊದಲನೆಯದರಿಂದ ಜೀವ ಬಂದಂತಾಗುತ್ತದೆ. ಸಂಜೆಮಲ್ಲಿಗೆ ಅವರಿಗೆ ಆಗಿದ್ದು ಬಹುಶಃ ಅದೇ. ಆ ಕೃತಕ ಹಾರ್ಮೋನೇ ಒಗ್ಗದವರಿಗೆ ಪ್ರತಿದಿನವೂ ಕಷ್ಟ. ಇಬ್ಬನಿ ಅವರೇ, ನಿಮಗೆ ಇದೇ ಆಗುತ್ತಿದೆ ಅಂತ ನಾನು ಹೇಳುತ್ತಿಲ್ಲ. ಆದರೆ "ಸಂಬಂಧವೇ ಇಲ್ಲ" ಅನ್ನುವ ಮಾತು ಸರಿಯಲ್ಲ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಗಳ ಜೊತೆ ಬರುವ ಮಾಹಿತಿ ಚೀಟಿಯಲ್ಲಿ ಖಿನ್ನತೆ ಮತ್ತು ಆತ್ಮಹತ್ಯೆ ಯೋಚನೆಯ ಎಚ್ಚರಿಕೆ ಸೇರಿಸಿ ಅಂತ ಹೇಳಿದೆ. ಸಂಬಂಧವೇ ಇಲ್ಲದಿದ್ದರೆ ಯಾಕೆ ಸೇರಿಸುತ್ತಿದ್ದರು?

ನೀಲಿಶಾಯಿ

ನನ್ನ ಮಗಳಿಗೆ 16 ವರ್ಷ. ಮುಟ್ಟಿನ ನೋವು ತಡೆಯಲಾಗದೆ ಮಾತ್ರೆ ಶುರು ಮಾಡಿದ್ದೇವೆ. ಇದನ್ನೆಲ್ಲ ಓದಿ ಗಾಬರಿ ಆಗುತ್ತಿದೆ. ಚಿಕ್ಕವರಿಗೆ ಜಾಸ್ತಿ ಅಪಾಯ ಅಂತ ಎಲ್ಲೋ ಓದಿದೆ. ನಿಜವಾ?

ಬಿಳಿಕೊಡೆ

ಅದರಲ್ಲಿ ಸತ್ಯ ಇದೆ, ಆದರೆ ಅಂಕಿಯನ್ನು ಸರಿಯಾಗಿ ಓದಬೇಕು. ನೀವು ಓದಿದ್ದು ಡೆನ್ಮಾರ್ಕಿನ ಅಧ್ಯಯನದ ಬಗ್ಗೆ ಇರಬಹುದು. 2016ರಲ್ಲಿ ಬಂತು. 15ರಿಂದ 34 ವರ್ಷದ 10 ಲಕ್ಷಕ್ಕೂ ಹೆಚ್ಚು ಹೆಂಗಸರ ದಾಖಲೆ ನೋಡಿದ್ದರು. ಹಾರ್ಮೋನ್ ಬಳಸದ ಒಂದು ಗುಂಪಿನಲ್ಲಿ 100 ಜನ ಮೊದಲ ಸಲ ಖಿನ್ನತೆಯ ಔಷಧ ಶುರು ಮಾಡಿದರೆ, ಎರಡೂ ಹಾರ್ಮೋನ್ ಇರುವ ಮಾತ್ರೆ ನುಂಗುವ ಅಷ್ಟೇ ದೊಡ್ಡ ಗುಂಪಿನಲ್ಲಿ ಸುಮಾರು 123 ಜನ. ಬರೀ ಪ್ರೊಜೆಸ್ಟಿನ್ ಮಾತ್ರೆಯಾದರೆ 134. ಎರಡೂ ಹಾರ್ಮೋನ್ ಇರುವ ಮಾತ್ರೆ ನುಂಗುವ 15ರಿಂದ 19 ವರ್ಷದವರಲ್ಲಿ ಮಾತ್ರ 180ರ ಹತ್ತಿರ.

ಇದು ಮಾತ್ರೆಯಿಂದಲೇ ಆಯಿತು ಅಂತ ಸಾಬೀತು ಮಾಡುವ ಅಧ್ಯಯನ ಅಲ್ಲ. ಮಾತ್ರೆ ಶುರು ಮಾಡುವ ವಯಸ್ಸಿನಲ್ಲಿ ಬದುಕಿನಲ್ಲಿ ಬೇರೆ ಬದಲಾವಣೆಗಳೂ ಆಗುತ್ತಿರುತ್ತವೆ. ಆಮೇಲೆ ಬೇಸರ ಆದವರು ಮಾತ್ರೆ ಬಿಟ್ಟುಬಿಡುತ್ತಾರೆ, ಒಗ್ಗಿದವರು ಮುಂದುವರಿಸುತ್ತಾರೆ. ಅದರಿಂದ ಲೆಕ್ಕ ಇನ್ನೊಂದು ಕಡೆಗೂ ವಾಲಬಹುದು.

ಆದ್ದರಿಂದ ಯಾರಿಗೆ ಏನು ಕೊಡಬೇಕು ಅಂತ ಚೀಟಿ ಎತ್ತಿ ನಡೆಸಿದ ಅಧ್ಯಯನವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಸ್ವೀಡನ್ನಿನಲ್ಲಿ 340 ಆರೋಗ್ಯವಂತ ಹೆಂಗಸರಿಗೆ ಹಾಗೆ ಮಾಡಿದರು. ಅರ್ಧ ಜನರಿಗೆ ಇಬ್ಬನಿ ಅವರು ಹೇಳಿದಂಥದ್ದೇ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ಅವರಿಗೇ ಗೊತ್ತಿಲ್ಲ. ಮೂರು ತಿಂಗಳು ಕಳೆದ ಮೇಲೆ ಖಿನ್ನತೆಯಲ್ಲಿ ಎದ್ದು ಕಾಣುವ ವ್ಯತ್ಯಾಸ ಇರಲಿಲ್ಲ. ಆದರೆ ನೆಮ್ಮದಿ, ಲವಲವಿಕೆ, ಮನಸ್ಸಿನ ಮೇಲಿನ ಹಿಡಿತ ನಿಜವಾದ ಮಾತ್ರೆ ನುಂಗಿದವರಲ್ಲಿ ಕಡಿಮೆ ಆಗಿತ್ತು. ನನಗೆ ಇದೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಎಷ್ಟೋ ಜನ ಬಂದು ಹೇಳುವುದು "ಡಿಪ್ರೆಶನ್" ಅಂತಲ್ಲ. "ಏನೋ ಬಣ್ಣ ಹೋದ ಹಾಗಿದೆ ಸಿಸ್ಟರ್" ಅಂತ.

ನೀಲಿಶಾಯಿ ಅವರೇ, ಹೆಚ್ಚಿನ ಹುಡುಗಿಯರಿಗೆ ಏನೂ ಆಗುವುದಿಲ್ಲ. ಮಗಳ ನೋವೂ ಸಣ್ಣದಲ್ಲ. ಗಾಬರಿಯಿಂದ ಮಾತ್ರೆ ಕಿತ್ತುಕೊಳ್ಳಬೇಡಿ. ಆದರೆ ಮೊದಲ ಆರು ತಿಂಗಳು ವಾರಕ್ಕೊಮ್ಮೆಯಾದರೂ "ಮನಸ್ಸು ಹೇಗಿದೆ?" ಅಂತ ಕೇಳಿ. ಓದು, ಗೆಳತಿಯರು, ನಿದ್ದೆ ಇದರಲ್ಲಿ ಬದಲಾವಣೆ ಕಂಡರೆ ಡಾಕ್ಟರಿಗೆ ಹೇಳಿ.

ಒಂಟಿಸಾಲು

ನಾನು ಗಂಡಸು, ಇಲ್ಲಿ ಬರೆಯಬಹುದು ಅಂದುಕೊಳ್ಳುತ್ತೇನೆ. ನನ್ನ ಹೆಂಡತಿ ಮೂರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ತೆಗೆದುಕೊಂಡಿದ್ದಾಳೆ. ಎರಡನೆಯದರ ನಂತರ ತುಂಬ ಸುಮ್ಮನಾದಳು. "ಸುಮ್ನೆ ಏನೇನೋ ಯೋಚನೆ ಮಾಡ್ತೀಯ" ಅಂತ ನಾನೇ ಬೈದೆ. ಈಗ ಓದುತ್ತಾ ಎದೆ ಹಿಂಡಿದ ಹಾಗಾಗುತ್ತಿದೆ. ಆ ಔಷಧವನ್ನು ಮೈಯಿಂದ ಹೊರಗೆ ತೆಗೆಯಬಹುದಾ?

ಬಿಳಿಕೊಡೆ

ಬರೆದದ್ದು ಒಳ್ಳೆಯದಾಯಿತು ಸರ್. ಇಂಜೆಕ್ಷನ್ ಕೊಟ್ಟ ಮೇಲೆ ಹೊರಗೆ ತೆಗೆಯಲು ಆಗುವುದಿಲ್ಲ. ಕನಿಷ್ಠ ಮೂರು ತಿಂಗಳು ಕಾಯಬೇಕು. ಅದಕ್ಕೇ ಮೊದಲಿನಿಂದ ಖಿನ್ನತೆ ಇದ್ದವರಿಗೆ, ಬೇಡವೆಂದರೆ ಮಾರನೇ ದಿನವೇ ನಿಲ್ಲಿಸಬಹುದಾದ ಮಾತ್ರೆಯಿಂದ ಶುರು ಮಾಡುವುದು ಒಳ್ಳೆಯದು ಅಂತ ನಾನು ಹೇಳುತ್ತೇನೆ. ಮುಂದಿನ ಇಂಜೆಕ್ಷನ್ ತಾರೀಕು ಬರುವ ಮೊದಲೇ ಇಬ್ಬರೂ ಸೇರಿ ಡಾಕ್ಟರನ್ನು ನೋಡಿ. ಅವಳು ತಡವರಿಸಿದರೆ ನೀವು ಕಂಡದ್ದನ್ನು ಹೇಳಿ. ಅವಳ ಮನಸ್ಸು ಇನ್ನೂ ಕುಸಿಯುತ್ತಿದ್ದರೆ ತಾರೀಕಿಗೂ ಕಾಯಬೇಡಿ, ಖಿನ್ನತೆಗೆ ಈಗಲೇ ಚಿಕಿತ್ಸೆ ಶುರು ಮಾಡಬಹುದು.

ಇನ್ನೊಂದು ಮಾತು. ಗಂಡಸರಿಗೆ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಗರ್ಭ ತಡೆಯುವ ಒಂದು ದೊಡ್ಡ ಪ್ರಯೋಗ ನಡೆದಿತ್ತು. 320 ಗಂಡಸರು ಭಾಗವಹಿಸಿದ್ದರು. ಗರ್ಭ ತಡೆಯುವ ಕೆಲಸ ಅದು ಚೆನ್ನಾಗಿಯೇ ಮಾಡಿತು. ಆದರೆ ಅಡ್ಡಪರಿಣಾಮ ಜಾಸ್ತಿ ಅಂತ 2011ರಲ್ಲಿ ನಿಲ್ಲಿಸಿದರು. ಅದರಲ್ಲಿ ಖಿನ್ನತೆ, ಮೂಡ್ ಬದಲಾವಣೆಯೂ ಸೇರಿತ್ತು. ಗಂಡಸರು ಹೇಳಿದಾಗ ನಂಬಿದರು. ಹೆಂಗಸರು ಹೇಳಿದಾಗಲೂ ಅಷ್ಟೇ ನಂಬಬೇಕು ಅನ್ನುವುದು ನನ್ನ ಆಸೆ.

ಇಬ್ಬನಿ

ಬಿಳಿಕೊಡೆ ಅಕ್ಕ, ನಿಮ್ಮ ಉತ್ತರ ಮೂರು ಸಲ ಓದಿದೆ. ಹಾಗಾದರೆ ನಾನು ಈಗ ಏನು ಮಾಡಲಿ? ಇವತ್ತೇ ನಿಲ್ಲಿಸಿಬಿಡಲಾ?

ಬಿಳಿಕೊಡೆ

ಮೊದಲು ಒಂದು ಪ್ರಶ್ನೆ. ಸಾಯಬೇಕು ಅಥವಾ ನನಗೆ ನಾನೇ ಏನಾದರೂ ಮಾಡಿಕೊಳ್ಳಬೇಕು ಅನ್ನಿಸುತ್ತದಾ? ಹಾಗಿದ್ದರೆ ನಾನು ಕೆಳಗೆ ಹೇಳುವ ಪುಸ್ತಕ, ಪಟ್ಟಿ ಏನೂ ಬೇಡ. ಈಗಲೇ ಹತ್ತಿರದವರಿಗೆ ಹೇಳಿ, ಇವತ್ತೇ ಆಸ್ಪತ್ರೆಗೆ ಹೋಗಿ. "ಮಾತ್ರೆಗೆ ಮೂರು ತಿಂಗಳು ಕೊಟ್ಟು ನೋಡಿ" ಅಂತ ಯಾರಾದರೂ ಹೇಳಿದರೆ ಆ ಮಾತು ಅಂಥ ಸ್ಥಿತಿಗೆ ಅಲ್ಲ.

ಹಾಗಿಲ್ಲದಿದ್ದರೆ ಒಂದು ಚಿಕ್ಕ ಪುಸ್ತಕ ತೆಗೆದುಕೊಳ್ಳಿ. ಪ್ರತಿ ರಾತ್ರಿ ಮಲಗುವ ಮೊದಲು ಮೂರು ಅಂಕಿ ಬರೆಯಿರಿ: ಆತಂಕ, ಬೇಸರ, ಸಿಡುಕು. 1 ಅಂದರೆ ಇಲ್ಲವೇ ಇಲ್ಲ, 6 ಅಂದರೆ ತಡೆಯಲಾಗದಷ್ಟು. ಪಕ್ಕದಲ್ಲಿ ಅವತ್ತಿನ ಮಾತ್ರೆ ಎಷ್ಟನೆಯದು, ರಕ್ತಸ್ರಾವ ಇತ್ತಾ, ಎಷ್ಟು ಗಂಟೆ ನಿದ್ದೆ. ಅಷ್ಟೇ. ಹಿಂದಿನ ಪುಟ ತಿರುಗಿಸಿ ನೋಡಬೇಡಿ, ನಿನ್ನೆಯ ಅಂಕಿ ಇವತ್ತಿನದನ್ನು ಎಳೆಯುತ್ತದೆ. ವಾರದ ಕೊನೆಗೆ ಕುಳಿತು ಏಳು ದಿನದ್ದು ನೆನಪಿಸಿಕೊಂಡು ಬರೆಯುವುದೂ ಬೇಡ. ಬೇಸರದ ದಿನ ಬರೆದರೆ ಇಡೀ ವಾರ ಬೇಸರ ಇತ್ತು ಅಂತಲೇ ಅನ್ನಿಸುತ್ತದೆ.

ಇದು ನಾನು ಕಟ್ಟಿದ ವಿಧಾನ ಅಲ್ಲ. ಪಿಎಂಡಿಡಿ ಇದೆಯೋ ಇಲ್ಲವೋ ಅಂತ ಗಟ್ಟಿಯಾಗಿ ಹೇಳಲು ಎರಡು ಮುಟ್ಟಿನ ಚಕ್ರದ ದಿನದಿನದ ದಾಖಲೆ ಬೇಕೇ ಬೇಕು. ಮುಟ್ಟಿಗೆ ಮುಂಚಿನ ವಾರದಲ್ಲಿ ಏರಿ, ಮುಟ್ಟಾದ ಮೇಲೆ ಇಳಿದು, ಆಮೇಲೆ ಒಂದು ವಾರ ಹೆಚ್ಚುಕಡಿಮೆ ಖಾಲಿ ಇದ್ದರೆ ಅದು ಮುಟ್ಟಿಗೆ ಸೇರಿದ್ದು. ಇಡೀ ತಿಂಗಳು ಒಂದೇ ಸಮ ಇದ್ದರೆ ಬೇರೆ ಏನೋ. ಆ "ಬೇರೆ ಏನೋ" ಮಾತ್ರೆಯೂ ಇರಬಹುದು, ಥೈರಾಯ್ಡ್ ಇರಬಹುದು, ಮಾತ್ರೆಗೆ ಸಂಬಂಧವೇ ಇಲ್ಲದ ಖಿನ್ನತೆಯೂ ಇರಬಹುದು.

ತಡೆಯಲು ಆಗದಿದ್ದರೆ ನಿಲ್ಲಿಸುವ ಹಕ್ಕು ನಿಮ್ಮದೇ, ಯಾರ ಅಪ್ಪಣೆಯೂ ಬೇಡ. ಆದರೆ ಅವತ್ತಿನಿಂದಲೇ ಕಾಂಡೋಮ್ ಇರಲಿ. ಅಂಡ ಬಿಡುಗಡೆ ಬೇಗ ಶುರುವಾಗಿಬಿಡಬಹುದು.

ಕಡಲಹಕ್ಕಿ

ಅಕ್ಕ, ಮನಸ್ಸಿಗೆ ಅಂತ ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡಮೂಲಿಕೆ ಗುಳಿಗೆ ಸಿಗುತ್ತದಲ್ಲ, ಮಾತ್ರೆ ಜೊತೆ ಅದನ್ನು ತೆಗೆದುಕೊಳ್ಳಬಹುದಾ? ನನ್ನ ಗೆಳತಿ ತೆಗೆದುಕೊಳ್ಳುತ್ತಿದ್ದಾಳೆ.

ಬಿಳಿಕೊಡೆ

ಬೇಡವೇ ಬೇಡ. ಇವತ್ತೇ ಅವಳಿಗೆ ಹೇಳಿ. ಅದು ಲಿವರಿನಲ್ಲಿ ಮಾತ್ರೆಯ ಹಾರ್ಮೋನನ್ನು ಬೇಗ ಒಡೆದುಹಾಕುತ್ತದೆ. ಮಾತ್ರೆ ನುಂಗುತ್ತಿದ್ದರೂ ಗರ್ಭ ನಿಲ್ಲಬಹುದು. ಖಿನ್ನತೆಯ ಔಷಧದ ಜೊತೆ ಸೇರಿದರೆ ಇನ್ನೂ ಅಪಾಯ. ಡಾಕ್ಟರು ಸಾಮಾನ್ಯವಾಗಿ ಬರೆದುಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಖಿನ್ನತೆ ಮಾತ್ರೆಗಳಿಂದ ಗರ್ಭನಿರೋಧಕಕ್ಕೆ ತೊಂದರೆ ಇಲ್ಲ.

ಹಸಿರುಗಾಜು

ನನ್ನ ತಂಗಿಗೆ ಬೈಪೋಲಾರ್, ಅಂದರೆ ಮನಸ್ಸು ವಿಪರೀತ ಏರಿಳಿಯುವ ಕಾಯಿಲೆ ಇದೆ, ಅದಕ್ಕೆ ಲ್ಯಾಮೋಟ್ರಿಜಿನ್ ಅನ್ನುವ ಔಷಧ ತೆಗೆದುಕೊಳ್ಳುತ್ತಿದ್ದಳು. ಗರ್ಭನಿರೋಧಕ ಮಾತ್ರೆ ಶುರು ಮಾಡಿದ ಮೇಲೆಯೇ ಕುಸಿದದ್ದು. ಈಗ ಇದನ್ನೆಲ್ಲ ಓದಿ ಅನುಮಾನ ಬರುತ್ತಿದೆ.

ಬಿಳಿಕೊಡೆ

ಅನುಮಾನ ಸರಿಯಾಗಿಯೇ ಬಂದಿದೆ. ಈಸ್ಟ್ರೋಜನ್ ಇರುವ ಮಾತ್ರೆ ರಕ್ತದಲ್ಲಿ ಲ್ಯಾಮೋಟ್ರಿಜಿನ್ ಮಟ್ಟವನ್ನು ಸುಮಾರು ಅರ್ಧಕ್ಕೆ ಇಳಿಸಬಲ್ಲದು. ಮಾತ್ರೆ ಬಿಡುವ ವಾರದಲ್ಲಿ ಅದು ಮತ್ತೆ ಏರುತ್ತದೆ. ಅಂದರೆ ಅವಳ ಮನಸ್ಸನ್ನು ಹಿಡಿದಿಟ್ಟಿದ್ದ ಔಷಧವೇ ಸಾಲದೆ ಹೋಗಿರಬಹುದು. ಎರಡು ಔಷಧ ಬರೆಯುವ ಇಬ್ಬರು ಡಾಕ್ಟರಿಗೂ ಇನ್ನೊಂದರ ವಿಷಯ ಗೊತ್ತಿರಬೇಕು. ಎಷ್ಟೋ ಸಲ ಗೊತ್ತಿರುವುದಿಲ್ಲ. ಇದು ನನಗೆ ತುಂಬ ನೋವು ಕೊಡುವ ವಿಷಯ.

ಮಣ್ಣಿನಹಣತೆ

ನಾನು ಹಾರ್ಮೋನ್ ಇರುವ ಐಯುಡಿ, ಅಂದರೆ ಗರ್ಭಕೋಶದೊಳಗೆ ಇಡುವ ಗರ್ಭನಿರೋಧಕ ಸಾಧನ, ಹಾಕಿಸಿಕೊಂಡಿದ್ದೇನೆ. "ಗರ್ಭಕೋಶದಲ್ಲಿ ಮಾತ್ರ ಕೆಲಸ ಮಾಡುತ್ತದೆ, ಮನಸ್ಸಿಗೆ ಏನೂ ಆಗಲ್ಲ" ಅಂದಿದ್ದರು. ರಕ್ತಕ್ಕೆ ಸೇರುವುದು ಕಡಿಮೆ ನಿಜ, ಆದರೆ ಸೇರುವುದೇ ಇಲ್ಲ ಅಂತಲ್ಲ. ಮೊದಲ ನಾಲ್ಕು ತಿಂಗಳು ನನಗೆ ಆತಂಕ ಜಾಸ್ತಿ ಇತ್ತು. ಆಮೇಲೆ ತಾನಾಗಿ ಇಳಿಯಿತು. ಮುಟ್ಟಿನ ಮುಂಚಿನ ಸಿಡುಕು ಮಾತ್ರ ಹಾಗೇ ಇದೆ. ಹೆಚ್ಚಿನವರಿಗೆ ಇದರಲ್ಲಿ ಅಂಡ ಬಿಡುಗಡೆ ನಡೆಯುತ್ತಲೇ ಇರುತ್ತದಂತೆ. ಪಿಎಂಎಸ್ ಕಡಿಮೆ ಆಗಲಿ ಅಂತ ಹಾಕಿಸಿಕೊಳ್ಳುವವರು ಇದನ್ನು ಮೊದಲೇ ತಿಳಿದುಕೊಳ್ಳಿ.

ಸಂಜೆಮಲ್ಲಿಗೆ

ಒಂದು ಸೇರಿಸುತ್ತೇನೆ. ನನ್ನ ಮಾತ್ರೆಗೂ ಅದರದೇ ಅಪಾಯ ಇದೆ. ಈಸ್ಟ್ರೋಜನ್ ಇರುವ ಯಾವ ಮಾತ್ರೆಯಿಂದಲೂ ರಕ್ತ ಹೆಪ್ಪುಗಟ್ಟುವ ಸಣ್ಣ ಅಪಾಯ ಇದ್ದೇ ಇದೆ. ಡ್ರೊಸ್ಪೈರಿನೋನ್ ಇರುವುದರಲ್ಲಿ ಲೆವೊನಾರ್ಜೆಸ್ಟ್ರೆಲ್‌ಗಿಂತ ಸ್ವಲ್ಪ ಜಾಸ್ತಿ ಅಂತ ನನಗೆ ಮೊದಲೇ ಹೇಳಿದ್ದರು. ಕಣ್ಣಿನ ಮುಂದೆ ಮಿಂಚು ಬಂದು ಶುರುವಾಗುವ ಮೈಗ್ರೇನ್ ಇದ್ದವರಿಗೆ, 35 ದಾಟಿ ಸಿಗರೇಟು ಸೇದುವವರಿಗೆ ಈ ಥರದ ಮಾತ್ರೆ ಕೊಡುವುದಿಲ್ಲ. ನನ್ನ ಗೆಳತಿಗೆ ಹೀಗೇ ಕೊಡಲಿಲ್ಲ. ಅವಳು ಮುಟ್ಟಿಗೆ ಮುಂಚಿನ ಎರಡು ವಾರ ಮಾತ್ರ ಎಸ್‌ಎಸ್‌ಆರ್‌ಐ ತೆಗೆದುಕೊಳ್ಳುತ್ತಾಳೆ. ಮಾಮೂಲಿ ಖಿನ್ನತೆಯಲ್ಲಿ ಅದು ಕೆಲಸ ಮಾಡಲು ವಾರಗಟ್ಟಲೆ ಬೇಕು, ಪಿಎಂಡಿಡಿಯಲ್ಲಿ ಕೆಲವೇ ದಿನ ಸಾಕು. ಮಾತ್ರೆ ಒಗ್ಗಲಿಲ್ಲ ಅಂದರೆ ದಾರಿ ಮುಗಿಯಿತು ಅಂತ ಯಾರೂ ಅಂದುಕೊಳ್ಳಬೇಡಿ.

ಇಬ್ಬನಿ (ನಾಲ್ಕು ತಿಂಗಳ ನಂತರ)

ಏನಾಯಿತು ಅಂತ ಹೇಳಲು ಬಂದೆ. ಅವತ್ತು ನೀವು ಕೇಳಿದ ಮೊದಲ ಪ್ರಶ್ನೆಗೆ ಉತ್ತರ "ಇಲ್ಲ" ಅಂತಿತ್ತು. ಆದ್ದರಿಂದ ಪುಸ್ತಕ ಶುರು ಮಾಡಿದೆ. ಎರಡು ಸ್ಟ್ರಿಪ್ ಮುಗಿಯುವವರೆಗೆ ಬರೆದೆ. ಆಮೇಲೆ ಒಂದು ಭಾನುವಾರ ಎಲ್ಲ ಪುಟ ಒಟ್ಟಿಗೆ ತೆರೆದೆ.

ಮಾತ್ರೆ ನುಂಗುವ 21 ದಿನವೂ ಆತಂಕ 4 ಅಥವಾ 5. ಬಿಡುವ ವಾರದ ಐದನೇ ದಿನಕ್ಕೆ 2. ಹೊಸ ಸ್ಟ್ರಿಪ್ಪಿನ ನಾಲ್ಕನೇ ಮಾತ್ರೆಗೆ ಮತ್ತೆ 4. ಎರಡೂ ತಿಂಗಳು ಹೀಗೇ. ಪೆನ್ಸಿಲಿನಿಂದ ಬರೆದ ಆ ಎರಡು 2ಗಳ ಸುತ್ತ ಒಂದೊಂದು ವೃತ್ತ ಹಾಕಿ ತುಂಬ ಹೊತ್ತು ನೋಡುತ್ತಾ ಕುಳಿತೆ.

ಬೇರೆ ಡಾಕ್ಟರ ಹತ್ತಿರ ಹೋದೆ. ಅವರು ಪುಸ್ತಕವನ್ನು ಕೈಗೆ ತೆಗೆದುಕೊಂಡು ಒಂದೊಂದೇ ಸಾಲು ಓದಿದರು. ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಸರಿಯಿತ್ತು. ಬೇರೆ ಪ್ರೊಜೆಸ್ಟಿನ್ ಇರುವ ಮಾತ್ರೆ ನೋಡಬಹುದು, ಹಾರ್ಮೋನ್ ಇಲ್ಲದ ಕಾಪರ್‌ಟಿ ಕೂಡ ಇದೆ ಅಂದರು. ನಾನು ಕಾಪರ್‌ಟಿ ಹಾಕಿಸಿಕೊಂಡೆ. ಮಾತ್ರೆ ನಿಲ್ಲಿಸಿ ಮೂರನೇ ವಾರಕ್ಕೆ ಬೆಳಗಿನ ಜಾವದ ಎಚ್ಚರ ನಿಂತಿತು.

ಮುಟ್ಟಿಗೆ ಮುಂಚಿನ ಹಳೆಯ ಸಿಡುಕು ವಾಪಸ್ ಬಂದಿದೆ. ನಾಲ್ಕು ದಿನ. ಅದಕ್ಕೆ ಏನಾದರೂ ಬೇಕಾ ಅಂತ ಇನ್ನೂ ತೀರ್ಮಾನ ಮಾಡಿಲ್ಲ, ಆದರೆ ಅದು ಬರುವ ದಿನ ನನಗೆ ಗೊತ್ತು.

ಬಿಳಿಕೊಡೆ

ಓದಿ ಕಣ್ಣು ತುಂಬಿತು ಕಣಮ್ಮ. ಒಂದು ಮಾತು: ಕಾಪರ್‌ಟಿಯಿಂದ ಮೊದಲ ಕೆಲವು ತಿಂಗಳು ರಕ್ತಸ್ರಾವ, ಹೊಟ್ಟೆನೋವು ಜಾಸ್ತಿ ಆಗಬಹುದು. ಸುಸ್ತು ಅನ್ನಿಸಿದರೆ ಹಿಮೋಗ್ಲೋಬಿನ್ ನೋಡಿಸಿ. ರಕ್ತ ಕಡಿಮೆಯಾದಾಗಲೂ ಎದೆ ಢವಢವ ಅನ್ನುತ್ತದೆ, ಅದನ್ನು ಆತಂಕ ಅಂದುಕೊಂಡುಬಿಡುತ್ತೀರಿ.

ಇಬ್ಬನಿ

ನೋಡಿಸುತ್ತೇನೆ ಅಕ್ಕ. ಪುಸ್ತಕ ಬಿಟ್ಟಿಲ್ಲ. ಇವತ್ತು ಮುಟ್ಟಿನ ಚಕ್ರದ 25ನೇ ದಿನ. ಆತಂಕ 2, ಬೇಸರ 1, ಸಿಡುಕು 4. ನಿದ್ದೆ ಏಳು ಗಂಟೆ.